ಅಪ್ಪಂಗೆ ಓಪನ್, ಚಿಕ್ಕಪ್ಪಂಗೆ ಸ್ಟೆಂಟ್: ಕಾಲು ಉಳಿಸ್ಕೊಂಡ ಕಥೆ

ಅಣ್ಣತಮ್ಮ ಇಬ್ರಿಗೂ ಮಹಾಧಮನಿ, ಅಂದ್ರೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ, ಊದ್ಕೊಂಡಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ತೋಟ ನೋಡ್ಕೊಳ್ಳೋ ಅಪ್ಪಂಗೆ ಓಪನ್ ಆಪರೇಷನ್, ಎರಡು ವರ್ಷ ಆದ್ಮೇಲೆ ಕೋಲಾರದ ಚಿಕ್ಕಪ್ಪಂಗೆ ಸ್ಟೆಂಟ್, ಎರಡೂ ಸಲ ಬೆಂಗಳೂರಲ್ಲಿ ಐಸಿಯು ಮುಂದೆ ಚಾಪೆ ಹಾಸ್ಕೊಂಡು ಬಿದ್ದಿದ್ದವನು ನಾನೇ. ಡಾಕ್ಟ್ರು ಎದೆಗಿಂತ ಕಾಲಿನ ಬಗ್ಗೆನೇ ಜಾಸ್ತಿ ಹೆದರಿಸಿದ್ರು. ಬೆನ್ನುಹುರಿಗೆ ರಕ್ತ ಕೊಡೋ ಸಣ್ಣ ನಾಳಗಳು ಮಹಾಧಮನಿಯಿಂದ್ಲೇ ಹೊರಡೋದಂತೆ, ಅದ್ರಲ್ಲಿ ದೊಡ್ಡದಕ್ಕೆ ಆಡಮ್‌ಕೀವಿಚ್ ಅಂತ ಹೆಸ್ರು. ಹುರಿಗೆ ರಕ್ತ ಸಿಗದಿದ್ರೆ ಕಾಲಿನ ಸ್ವಾಧೀನವೇ ಹೋಗ್ಬೋದು. ಬೋರ್‌ವೆಲ್ ಮೇನ್ ಪೈಪ್ ಬದಲಾಯ್ಸಿ ಡ್ರಿಪ್ ಲೈನ್ ಜೋಡಿಸೋದು ಮರೆತ್ರೆ ಟೊಮೇಟೊ ಏನಾಗುತ್ತೆ, ಅದೇ ಕಥೆ.

ಅಪ್ಪಂಗೆ ಆಪರೇಷನ್‌ಗೆ ಮುಂಚೆನೇ ಸೊಂಟಕ್ಕೆ ಸಣ್ಣ ಟ್ಯೂಬ್ ಹಾಕಿದ್ರು, ಅದಕ್ಕೇ ಡ್ರೈನ್ ಅನ್ನೋದು. ಬೆನ್ನುಹುರಿ ಸುತ್ತ ಇರೋ ನೀರನ್ನ ಇಳಿಸಿ ಅದರ ಒತ್ತಡ (ಬಿಪಿ ಅಳೆಯೋ ಲೆಕ್ಕದಲ್ಲೇ) 10ರ ಹತ್ರ ಇಡ್ಬೇಕು, ಗಂಟೆಗೆ 10-15 ಎಂಎಲ್‌ಗಿಂತ ಜಾಸ್ತಿ ಇಳೀಬಾರ್ದು. ಲೆಕ್ಕ ಸಿಂಪಲ್, ಸರಾಸರಿ ಬಿಪಿಯಲ್ಲಿ ಈ ನೀರಿನ ಒತ್ತಡ ಕಳೆದ್ರೆ ಉಳಿಯೋದೇ ಹುರಿಗೆ ಸಿಗೋ ಫೋರ್ಸು, 90ರಲ್ಲಿ 10 ಹೋದ್ರೆ 80. ಒಂದಿನ ಗಂಜಿ ಕುಡಿಸೋಣ ಅಂತ ನಾನು ಬೆಡ್‌ನ ತಲೆಕಡೆ ಎತ್ಬಿಟ್ಟೆ, ಸಿಸ್ಟರ್ ಓಡಿಬಂದು ಟ್ಯಾಪ್ ತಿರುಗಿಸಿ ಬಾಯಿಗ್ ಬಂದಂಗೆ ಬೈದ್ರು, ನೀರು ಒಂದೇ ಸಲ ಇಳಿದ್ರೆ ತಲೆಯೊಳಗೆ ರಕ್ತಸ್ರಾವ ಆಗ್ಬೋದಂತೆ. ಮೂರು ದಿನ ಅಲ್ಲಾಡದೆ ಮಲಗಿ ಅಪ್ಪಂಗೆ ಸಾಕುಸಾಕಾಯ್ತು, ಆದ್ರೆ ಕಾಲು ಒಂದ್ ಸಲಾನೂ ಕೈಕೊಡ್ಲಿಲ್ಲ.

ಚಿಕ್ಕಪ್ಪಂಗೆ ತೊಡೆಸಂದಿಂದ ಸ್ಟೆಂಟ್, ಅಂದ್ರೆ ಊದಿದ ಜಾಗದ ಒಳಗೆ ಕೂರಿಸೋ ಕೊಳವೆ, ಅದು ಮುಚ್ಚಿದ ಕಡೆ ಆ ಸಣ್ಣ ನಾಳಗಳ ಬಾಯೂ ಮುಚ್ಚುತ್ತೆ. ಅದೂ ಎರಡು ಕಂತಲ್ಲಿ, ಮಧ್ಯೆ ಗ್ಯಾಪ್ ಕೊಟ್ರೆ ಅಕ್ಕಪಕ್ಕದ ನಾಳಗಳು ಬೆಳ್ಕೊಂಡು ಹುರಿಗೆ ಆಸರೆ ಆಗ್ತವಂತೆ. ಡ್ರೈನ್ ಬೇಡ, ಬೇಕಾದ್ರೆ ಆಮೇಲ್ ಹಾಕೋಣ ಅಂದ್ರು. ಮೊದಲನೇದು ಮುಗಿದು ನಾಲ್ಕೇ ದಿನಕ್ಕೆ ಮನೇಲಿ ಮುದ್ದೆ ತಿಂತಾ ಕೂತಿದ್ದ. ಎರಡನೇದಾದ ಮಾರನೇ ರಾತ್ರಿ ಬಿಪಿ ಇಳೀತು, ಬೆಳಗಿನ ಜಾವ ಎಡಗಾಲು ಎತ್ತೋಕೇ ಆಗ್ಲಿಲ್ಲ! ತಕ್ಷಣ ಬಿಪಿ ಏರಿಸೋ ಔಷಧಿ, ರಕ್ತ, ಅದರ ಜೊತೆಗೇ ಡ್ರೈನು. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಒಂಚೂರು ಅಲ್ಲಾಡ್ತು, ಈಗ ಕೋಲಿಲ್ದೆ ನಡೀತಾನೆ.

145 ಜನರ ಓಪನ್ ಆಪರೇಷನ್ ಮೇಲೆ ಮಾಡಿ 2002ರಲ್ಲಿ ಪ್ರಕಟವಾದ ಸ್ಟಡೀಲಿ ಡ್ರೈನ್ ಇಲ್ದೋರಲ್ಲಿ 13% ಜನಕ್ಕೆ ಕಾಲಿನ ಶಕ್ತಿ ಹೋಗಿತ್ತು ಇಲ್ಲಾ ಕುಂದಿತ್ತು, ಇದ್ದೋರಲ್ಲಿ 2.6%. ಚಿಕ್ಕ ಸ್ಟೆಂಟ್‌ಗೆ ಡ್ರೈನಿನ ರಿಸ್ಕೇ ದೊಡ್ಡದಾಗ್ಬೋದು, ಒಪ್ತೀನಿ, ಆದ್ರೆ ಉದ್ದ ಜಾಗ ಮುಚ್ಚೋದಾದ್ರೆ ನನ್ ಓಟು ಡ್ರೈನ್ ಮುಂಚೆನೇ ಹಾಕೋದಕ್ಕೆ. ಚಿಕ್ಕಪ್ಪನ್ನ ಕೇಳಿದ್ರೆ ಈಗ್ಲೂ ಸ್ಟೆಂಟೇ ವಾಸಿ ಅಂತಾನೆ. ಯಾವುದೇ ಆಗ್ಲಿ, ಸೈನ್ ಹಾಕೋ ಮುಂಚೆ ಬಿಪಿ ಮಾತ್ರೆ ಎಷ್ಟು ದಿನ ನಿಲ್ಲಿಸ್ತೀರ, ರಾತ್ರಿ ಕಾಲು ಎತ್ತಿಸಿ ನೋಡೋರು ಯಾರು, ಇವೆರಡು ಕೇಳ್ಕೊಳ್ಳಿ.