ಕಾಲ್ ಆಫ್ ಡ್ಯೂಟಿಯೋ, ಬ್ಯಾಟಲ್‌ಫೀಲ್ಡೋ: ಎರಡನ್ನೂ ವರ್ಷಗಟ್ಟಲೆ ಆಡಿದವನ ಅನಿಸಿಕೆ

ಎರಡೂ ಆನ್‌ಲೈನಿನಲ್ಲಿ ಇತರರೊಡನೆ ಆಡುವ, ಬಂದೂಕು ಹಿಡಿದು ಕಾದಾಡುವ ವಿಡಿಯೋ ಗೇಮ್ ಸರಣಿಗಳು. ನನ್ನ ಒಲವು ಬ್ಯಾಟಲ್‌ಫೀಲ್ಡ್ ಕಡೆಗೆ. ಆದರೂ ಕಾಲ್ ಆಫ್ ಡ್ಯೂಟಿಗೆ ಸಲ್ಲಬೇಕಾದ ಮೆಚ್ಚುಗೆ ಮೊದಲು ಸಲ್ಲಲಿ. ಆ ಸರಣಿಯ 2007ರ ಮಾಡರ್ನ್ ವಾರ್‌ಫೇರ್ ಈ ಬಗೆಯ ಆಟಗಳ ಜಾಯಮಾನವನ್ನೇ ಬದಲಿಸಿತು. ಸಾಯದೆ ಮೂವರನ್ನು ಉರುಳಿಸಿದರೆ ಎದುರಾಳಿಗಳ ನೆಲೆ ತೋರಿಸುವ ರೇಡಾರ್, ಐವರಾದರೆ ವಿಮಾನದಾಳಿ, ಏಳಾದರೆ ಹೆಲಿಕಾಪ್ಟರ್. ಬಂದೂಕು ಹೇಳಿದ ಮಾತು ಕೇಳುತ್ತದೆ, ಮ್ಯಾಚ್ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡುವವರಿಗೆ ಇದು ಹೇಳಿ ಮಾಡಿಸಿದ ಆಟ.

ಆದರೆ ಅಲ್ಲಿ ಎಲ್ಲವೂ ಬೆರಳಿನ ಚುರುಕಿನ ಮೇಲೆಯೇ ನಿಂತಿದೆ. ಶಿಪ್‌ಮೆಂಟ್‌ನಂಥ ಪುಟ್ಟ ಮ್ಯಾಪಿನಲ್ಲಿ (ಆಟದ ಕಣದಲ್ಲಿ) ಕಂಟೇನರ್‌ಗಳ ನಡುವೆ ಎದ್ದು ನಿಲ್ಲುವುದರೊಳಗೆ ಮತ್ತೆ ಸತ್ತಿರುತ್ತೇವೆ. 2005ರಿಂದೀಚೆಗೆ ವರ್ಷಕ್ಕೊಂದು ಆಟ ಪೂರ್ಣ ಬೆಲೆಗೆ ಬರುತ್ತಿದೆ. ಅದೇ ಹೆಸರಿನಲ್ಲಿ 2019ರಲ್ಲಿ ಮತ್ತೆ ಬಂದ ಮಾಡರ್ನ್ ವಾರ್‌ಫೇರ್ ಅಪ್‌ಡೇಟ್‌ಗಳ ಮೇಲೆ ಅಪ್‌ಡೇಟ್ ಸೇರಿ ಕಂಪ್ಯೂಟರಿನಲ್ಲಿ 200 ಜಿಬಿ ದಾಟಿತು. ಇದು ಆಟಗಾರನ ಕಿಸೆಗೂ ಡಿಸ್ಕಿಗೂ ಮಾಡುವ ಅನ್ಯಾಯ.

ಬ್ಯಾಟಲ್‌ಫೀಲ್ಡ್‌ನಲ್ಲಿ ಗುರಿ ಅಷ್ಟಕ್ಕಷ್ಟೇ ಇರುವವರಿಗೂ ಕೆಲಸವಿದೆ. ಟ್ಯಾಂಕ್ ರಿಪೇರಿ ಮಾಡಬಹುದು, ಮದ್ದುಗುಂಡು ಹಂಚಬಹುದು. 2010ರ ಬ್ಯಾಡ್ ಕಂಪನಿ 2ರಲ್ಲಿ ನಾವು ನಾಶ ಮಾಡಬೇಕಾದ, ಎದುರಾಳಿಗಳು ಕಾಯುವ ಪೆಟ್ಟಿಗೆಯ ಹತ್ತಿರ ಸುಳಿಯಲೂ ಆಗದಿದ್ದರೆ, ಅದಿರುವ ಮನೆಯ ಗೋಡೆಗಳನ್ನು ಟ್ಯಾಂಕಿನಿಂದ ಒಂದೊಂದಾಗಿ ಒಡೆದು, ಇಡೀ ಮನೆಯನ್ನೇ ಅದರ ಮೇಲೆ ಕೆಡವಬಹುದಿತ್ತು. ಇಂಥ ಉಪಾಯ ಹೊಳೆಯಲು ಆಟ ಅವಕಾಶ ಕೊಡಬೇಕು.

ಸರಣಿಯಲ್ಲೇ ಮೇಲಾದದ್ದು 2016ರ ಬ್ಯಾಟಲ್‌ಫೀಲ್ಡ್ 1. ಮೊದಲ ಮಹಾಯುದ್ಧದ ಕತೆ. ಮೆಡಿಕ್ ಆಗಿ ಆಡಿದರೆ ಬಿದ್ದ ಸಂಗಾತಿಯ ಗುರುತು ಪರದೆಯ ಮೇಲೆ ಕಾಣುತ್ತದೆ, ಅವನ ಸಮಯ ಕರಗುತ್ತಿರುತ್ತದೆ. ಹೊಗೆ ಎಬ್ಬಿಸಿ, ಅದರ ಮರೆಯಲ್ಲಿ ಓಡಿ, ಸಿರಿಂಜ್ ಚುಚ್ಚಿ ಅವನನ್ನು ಎಬ್ಬಿಸಿದ ಮರುಕ್ಷಣವೇ ಅವನು ನಿಮ್ಮ ಬೆನ್ನ ಹಿಂದಿನ ಶತ್ರುವನ್ನು ಹೊಡೆಯುತ್ತಾನೆ. ಅಪರಿಚಿತರ ನಡುವೆ ಇಂಥ ಒಡನಾಟವನ್ನು ಬೇರಾವ ಶೂಟರ್ ಆಟದಲ್ಲೂ ನಾನು ಕಂಡಿಲ್ಲ.

ಇದರ ಸಿನಾಯ್ ಮರುಭೂಮಿಯಲ್ಲಿ ಕುದುರೆ ಏರಿದಾಗ ನನಗೆ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತಾರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಡನೆ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಸವಾರರು ಅವರು. ಹೈಫಾ ಈ ಆಟದಲ್ಲಿ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

2021ರ ಬ್ಯಾಟಲ್‌ಫೀಲ್ಡ್ 2042 ಮಾತ್ರ ಬೇಸರ ತರಿಸಿತು. ಆಟಗಾರರನ್ನು 128ಕ್ಕೆ ಏರಿಸಿ, ಸರಣಿಯ ಬೆನ್ನೆಲುಬಾಗಿದ್ದ ನಾಲ್ಕು ವರ್ಗಗಳನ್ನೇ, ಅಂದರೆ ಆಟಗಾರ ಆಯ್ದುಕೊಳ್ಳುವ ಮೆಡಿಕ್‌ನಂಥ ಪಾತ್ರಗಳನ್ನೇ, ಕೈಬಿಟ್ಟರು. ಆಮೇಲೆ ಅವನ್ನು ಮರಳಿ ತರಬೇಕಾಯಿತು. 2025ರ ಅಕ್ಟೋಬರಿನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಮೊದಲಿನಿಂದಲೇ ಆ ವರ್ಗಗಳೊಂದಿಗೆ ಬಂದಿದೆ.

ಹೊಸಬರು ಹೊಸ ಆಟಕ್ಕೆ ಪೂರ್ಣ ಬೆಲೆ ತೆರುವ ಮೊದಲು ರಿಯಾಯಿತಿ ಬಂದಾಗ ಬ್ಯಾಟಲ್‌ಫೀಲ್ಡ್ 1 ಕೊಳ್ಳಿ. ಮೆಡಿಕ್ ಆಗಿ ಶುರುಮಾಡಿ, ನಿಮ್ಮ ಸ್ಕ್ವಾಡನ್ನು (ನಿಮ್ಮ ಪುಟ್ಟ ತಂಡವನ್ನು) ಬಿಟ್ಟು ದೂರ ಹೋಗಬೇಡಿ.