ಬಾದಾಮಿ–ಐಹೊಳೆ–ಗುಳೇದಗುಡ್ಡ ಸೈಕಲ್ ಸುತ್ತಿಗೆ ಹೊರಟವರೇ, ರಸ್ತೆ ಮೇಲಿನ ಹುರಳಿ ಬಗ್ಗೆ ಎಚ್ಚರ

ಜನವರಿ ಕೊನೆಯ ಭಾನುವಾರ ನನ್ನ ಎಡಗಡೆ ಕಾಲರ್ ಬೋನ್ ಮುರಿಯಿತು. ಡಾಂಬರಿನ ಮೇಲೆ ಹರವಿದ್ದ ಹುರಳಿ ಬಳ್ಳಿಗೆ ಹಿಂದಿನ ಚಕ್ರ ಸಿಕ್ಕಿ ಬಿದ್ದೆ. ಈ ಸುತ್ತಿಗೆ ಹೋಗಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ ಹೊರಡಿ.

ದಾರಿ ಗೊತ್ತಿಲ್ಲದವರಿಗೆ: ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಗುಳೇದಗುಡ್ಡ, ಮತ್ತೆ ಬಾದಾಮಿ. ಒಟ್ಟು 90 ಕಿ.ಮೀ. ಆಸುಪಾಸು. ಒಂದನೇ ಪುಲಿಕೇಶಿ 543ರಲ್ಲಿ ಕೋಟೆ ಕಟ್ಟಿಸಿದ ಗುಡ್ಡದ ಬುಡದಲ್ಲಿ ಶುರುವಾಗುತ್ತದೆ. ಐಹೊಳೆಯಂತೂ ಕೋಟೆಗೋಡೆಯ ಒಳಗೇ ಇದ್ದ ಊರು. ಅಲ್ಲಿನ ದುರ್ಗ ಗುಡಿಗೆ ಆ ಹೆಸರು ಬಂದದ್ದೂ ಪಕ್ಕದ ದುರ್ಗದಿಂದಲೇ ಹೊರತು ದುರ್ಗಾದೇವಿಯಿಂದಲ್ಲ. ಮುಂದೆ ಸಣ್ಣ ಸಣ್ಣ ಹಳ್ಳಿಗಳಲ್ಲೂ ಒಂದು ಹುಡೇವು (ಕಾವಲಿನ ಬುರುಜು), ಅರ್ಧ ಕುಸಿದ ಅಗಸಿ (ಊರಬಾಗಿಲು) ಕಣ್ಣಿಗೆ ಬೀಳುತ್ತವೆ. ಬೆಳಗಿನ ಬಿಸಿಲಿಗೆ ಕೆಂಪು ಮರಳುಗಲ್ಲು ಹೊಳೆಯುವಾಗ ಕಾಲು ನೋವೇ ಮರೆತುಹೋಗುತ್ತದೆ. ಸುತ್ತು ಚೆನ್ನಾಗಿಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಕೋಟೆ ಇದ್ದ ಊರಿನ ದಾರಿ ನೇರ ಇರುವುದಿಲ್ಲ. ಶತ್ರು ಒಂದೇ ಓಟಕ್ಕೆ ಒಳಗೆ ನುಗ್ಗಬಾರದು ಅಂತ ಬಾಗಿಲ ಮುಂದೆ ತಿರುವು ಇಟ್ಟು ಕಟ್ಟುತ್ತಿದ್ದರು. ನಾನು ಬಿದ್ದ ಊರಿನಲ್ಲೂ ಡಾಂಬರು ರಸ್ತೆ ಹುಡೇವಿನ ಗೋಡೆಯನ್ನೇ ಸುತ್ತಿಕೊಂಡು ತಿರುಗುತ್ತದೆ. ಆಚೆ ಏನಿದೆ ಅಂತ ಈಚೆಯಿಂದ ಕಾಣುವುದಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಸುಗ್ಗಿಯಲ್ಲಿ ಇಂಥ ರಸ್ತೆ ಅದೊಂದೇ ಊರಿನಲ್ಲಿಲ್ಲ.

ಅಮೀನಗಡದಲ್ಲಿ ಬೆಳಗಾವಿ–ರಾಯಚೂರು ಹೆದ್ದಾರಿ ಬಿಟ್ಟು ಗುಳೇದಗುಡ್ಡದ ಕಡೆ ಹೊರಟಾಗ ಹನ್ನೊಂದು ಗಂಟೆ. ಇಳಿಜಾರು, ಬೆನ್ನ ಹಿಂದೆ ಗಾಳಿ, ಮೀಟರಿನಲ್ಲಿ 38. ಹುಡೇವು ದಾಟಿ ತಿರುಗಿದರೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಣಗಿದ ಹುರಳಿ, ಮೊಣಕಾಲಿನ ಅರ್ಧದಷ್ಟು ದಪ್ಪ. ಗಾಡಿಗಳು ಅಂಚಿಗೆ ಹೋಗದೆ ರಾಶಿ ಮೇಲೇ ಹಾಯಲಿ ಅಂತ ಎರಡೂ ಬದಿಗೆ ತಲೆಗಾತ್ರದ ಕಲ್ಲು ಇಟ್ಟಿದ್ದರು. ಹಿಂದಿನ ಬ್ರೇಕ್ ಒತ್ತಿದೆ, ಸೈಕಲ್ ನಿಲ್ಲಲಿಲ್ಲ. ಬಳ್ಳಿಯ ಕೆಳಗೆ ಉದುರಿದ ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಎರಡೇ ಕ್ಷಣದಲ್ಲಿ ಬಳ್ಳಿ ಹಿಂದಿನ ಗೇರಿಗೆ ಹಗ್ಗದಂತೆ ಸುತ್ತಿಕೊಂಡು, ಗೇರಿನಿಂದ ಗೇರಿಗೆ ಚೈನು ಸರಿಸುವ ಡಿರೇಲರನ್ನು ಚಕ್ರದ ಕಡ್ಡಿಗಳ ಒಳಗೆ ಎಳೆದುಹಾಕಿತು. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಲಟ್ ಅಂತ ಮುರಿಯಿತು, ಚಕ್ರ ಜಾಮ್ ಆಯಿತು. ಎಡಭುಜ ಆ ಕಲ್ಲಿನ ಮೇಲೆ ಬಿತ್ತು. ಹೆಲ್ಮೆಟ್ಟಿನ ಎಡಬದಿ ಸೀಳಿದೆ. ಅದಿಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಮೊದಲು ಓಡಿಬಂದದ್ದು ರಾಶಿ ಕಾಯುತ್ತಿದ್ದ ಅಜ್ಜಿ. "ಯಪ್ಪಾ, ಏಳಬ್ಯಾಡ, ಹಂಗ ಕುಂದ್ರು" ಅಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ನನ್ನ ಕೈಯನ್ನು ಎದೆಗೆ ಬಿಗಿದು ಕಟ್ಟಿದರು. ಕೈ ನಡುಗುತ್ತಿತ್ತು, ನನ್ನದೂ, ಅವರದೂ. ಹಿಂಗ್ಯಾಕ ರಸ್ತೆ ಮ್ಯಾಲೆ ಹಾಕೀರಿ ಅಜ್ಜಿ ಅಂದೆ. "ಎತ್ತು ಮಾರಿ ನಾಕು ವರ್ಷ ಆತು. ಕಣದಾಗ ಮೇಟಿ ಕಂಬದ ಸುತ್ತ ತಿರುಗವ್ರು ಯಾರದಾರ ಈಗ? ಗಾಡಿ ಹಾದ್ರ ಕಾಳು ಬಿಡತೈತಿ" ಅಂದರು. ಅವರ ಮಗ ಊರಿನಿಂದ ಟಂಟಂ ಕರೆಸಿ ಬಾಗಲಕೋಟೆ ಆಸ್ಪತ್ರೆಯವರೆಗೂ ಜೊತೆಗೆ ಬಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಸಗಣಿ ಸಾರಿಸಿದ ಕಣ ಹೋಗಿದೆ, ಅದರ ಬದಲಿಗೆ ಕಾಂಕ್ರೀಟ್ ಕಣ ಆ ಊರಿಗೆ ಇನ್ನೂ ಬಂದಿಲ್ಲ. ನನ್ನ ಸಿಟ್ಟು ಇರುವುದು ಈ ದಾರಿಯ ಮ್ಯಾಪ್ ಹಂಚಿ "ಡಾಂಬರು ಮಸ್ತ್ ಇದೆ, ಹೊಡೀರಿ" ಅಂತಷ್ಟೇ ಹೇಳಿದವರ ಮೇಲೆ. ಹಿಂದಿನ ವರ್ಷ ಅವರೂ ಸುಗ್ಗಿಯಲ್ಲೇ ಹೋಗಿದ್ದರು.

ಡಿಸೆಂಬರಿನಿಂದ ಫೆಬ್ರವರಿವರೆಗೆ ಹುರಳಿ, ತೊಗರಿ, ಕಡಲೆ. ಮಳೆಗಾಲ ಮುಗಿಯುವಾಗ ಸಜ್ಜೆ, ಮೆಕ್ಕೆಜೋಳ. ಹಾಗಾಗಿ ಇದನ್ನು ತಪ್ಪಿಸುವ ತಿಂಗಳು ಹುಡುಕುವುದಕ್ಕಿಂತ ಹೊತ್ತು ನೋಡಿಕೊಳ್ಳಿ. ಇಬ್ಬನಿ ಆರುವ ತನಕ ರಾಶಿ ಬಿಚ್ಚಿ ಹರವುವುದಿಲ್ಲ. ಸುತ್ತನ್ನು ತಿರುಗಿಸಿ, ಬೆಳಕು ಹರಿಯುವಾಗಲೇ ಬಾದಾಮಿ ಬಿಟ್ಟು ಗುಳೇದಗುಡ್ಡದ ಕಡೆಯ ಹಳ್ಳಿಗಳನ್ನು ಒಂಬತ್ತರೊಳಗೆ ದಾಟಿ. ಬಿಸಿಲೇರಿದ ಮೇಲೆ ಉಳಿಯುವುದು ಐಹೊಳೆ, ಪಟ್ಟದಕಲ್ಲು. ಅಲ್ಲಿ ಹೇಗೂ ನಿಂತು ನೋಡುತ್ತೀರಿ. ರಸ್ತೆಯಲ್ಲಿ ರಾಶಿ ಸಿಕ್ಕರೆ, ಅದು ಎಷ್ಟೇ ತೆಳ್ಳಗಿರಲಿ, ಇಳಿದು ಹಿಂದಿನ ಚಕ್ರ ಎತ್ತಿ ಹಿಡಿದು ನಡೆಯಿರಿ. ತಳ್ಳಿಕೊಂಡು ಹೋದರೂ ಬಳ್ಳಿ ಸುತ್ತಿಕೊಳ್ಳುತ್ತದೆ. ಹಿಂದೆ ಕಾರು ಬರುತ್ತಿದ್ದರೆ ಅವರಿಗೂ ಕೈ ತೋರಿಸಿ, ಒಣಹುಲ್ಲು ಸೈಲೆನ್ಸರಿಗೆ ಸಿಕ್ಕರೆ ಬೆಂಕಿ ಹೊತ್ತಿಕೊಳ್ಳಬಹುದು. ನಿಮ್ಮ ಸೈಕಲ್ಲಿನದೇ ಹ್ಯಾಂಗರ್ ಒಂದು ಜೇಬಿನಲ್ಲಿರಲಿ, ದಾರಿಯ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಜಾಲಿಮುಳ್ಳಿಗೆ ಎರಡು ಟ್ಯೂಬ್ ಬೇಕೇ ಬೇಕು. ಒಬ್ಬರೇ ಹೋಗಬೇಡಿ.

ಮೊನ್ನೆ ಆ ಕಡೆ ಹೋಗಿದ್ದ ಗೆಳೆಯ ಫೋನ್ ಮಾಡಿದ್ದ. ಹುರಳಿ ತುಂಬಿಕೊಂಡು ಹೋಗಿದ್ದಾರಂತೆ. ಹುಡೇವು ತಿರುಗಿದ ಕೂಡಲೇ, ಎಡಬದಿಗೆ, ಮೂರು ಕಲ್ಲು ಇನ್ನೂ ಡಾಂಬರಿನ ಮೇಲೇ ಇವೆಯಂತೆ.