ಸ್ಪೀಡ್ ಫೆರಿ ಹತ್ತುವವರೇ, ಬೆಲ್ಟ್ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ

ಕೂತು ಬರೆಯಲು ಆಗುತ್ತಿಲ್ಲ. ಮಲಗಿಕೊಂಡೇ ಟೈಪ್ ಮಾಡುತ್ತಿದ್ದೇನೆ. ಬೆನ್ನುಮೂಳೆ ಬಿರುಕು ಬಿಟ್ಟಿದೆ. ತಪ್ಪು ನನ್ನದೂ ಇದೆ, ಅದಕ್ಕೇ ಜಾಸ್ತಿ ಉರಿಯುತ್ತಿದೆ.

ಟಿಕೆಟ್ ತೆಗೆಯುವಾಗಲೇ ಕೇಳಿದ್ದೆ, "ಈ ದಾರಿಯಲ್ಲಿ ತಿಮಿಂಗಿಲ ಇರುತ್ತವಂತಲ್ಲ, ತೊಂದರೆ ಇಲ್ವಾ?" ಕೌಂಟರಿನವನು ನಕ್ಕ. "ಕಂಡರೆ ನಿಮ್ಮ ಅದೃಷ್ಟ ಸರ್, ಅದಕ್ಕೆ ಬೇರೆ ದುಡ್ಡು ತಗೊಳ್ಳಲ್ಲ." ನಾನೂ ಹಲ್ಲು ಕಿರಿದೆ. ಥೂ!

ಇದು ನೀರಿನಡಿ ರೆಕ್ಕೆ ಇರುವ ಫೆರಿ. ವೇಗ ಹಿಡಿದರೆ ಮೈಯೆಲ್ಲ ನೀರಿಂದ ಮೇಲೇಳುತ್ತದೆ, ರೆಕ್ಕೆ ಮಾತ್ರ ಕೆಳಗೆ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್, ಆದರೂ ಕುಲುಕಾಟವೇ ಇಲ್ಲ. ಅಲ್ಲೇ ಮೋಸ ಹೋಗುವುದು. ಬೆಲ್ಟಿಗೆ ತಡಕಾಡುತ್ತಿದ್ದೆ. ಸಿಬ್ಬಂದಿ ಹುಡುಗ, "ಸಮುದ್ರ ಶಾಂತವಾಗಿದೆ, ಆರಾಮಾಗಿ ಕೂತ್ಕೊಳ್ಳಿ" ಎಂದ. ಆರಾಮಾಗಿ ಕೂತೆ.

ಧಡ್! ಮೇಲೆದ್ದಿದ್ದ ಫೆರಿ ಒಂದೇ ಸಲಕ್ಕೆ ನೀರಿಗೆ ಅಪ್ಪಳಿಸಿತು. ಸೀಟಿನಿಂದ ಹಾರಿ ಅದೇ ಸೀಟಿಗೆ ಕುಕ್ಕರಿಸಿ ಬಿದ್ದೆ. ಉಸಿರೇ ಹೊರಡಲಿಲ್ಲ. ಮುಂದಿನ ಸಾಲಿನ ಅಜ್ಜಿಯ ಹಣೆ ಒಡೆದಿತ್ತು. ಕಿಟಕಿಯಾಚೆ ನೀರು ಕೆಂಪಗಿತ್ತು.

ಈಗ ಫೆರಿ ಕಂಪನಿಯವರ ಉತ್ತರ ಕೇಳಿ. ಮೊದಲು, "ಮರದ ದಿಮ್ಮಿ ತಾಗಿದೆ, ಗಾಬರಿ ಬೇಡ." ಅಲ್ರೀ, ದಿಮ್ಮಿಯಲ್ಲಿ ರಕ್ತ ಬರುತ್ತಾ? ಪರಿಹಾರ ಕೇಳಿದ ದಿನ ದಿಮ್ಮಿ ತಿಮಿಂಗಿಲವಾಯಿತು! "ಪ್ರಾಣಿ ಡಿಕ್ಕಿ ನಮ್ಮ ಕೈಯಲ್ಲಿಲ್ಲ, ಟಿಕೆಟಿನ ಹಿಂದೆ ಬರೆದಿದೆ. ಬೆಲ್ಟ್ ಹಾಕಿ ಅಂತ ಅನೌನ್ಸ್ ಮಾಡಿದ್ದೇವೆ." ಹುಡುಗ ಹೇಳಿದ್ದನ್ನು ಹೇಳಿದೆ. "ಯಾವ ಹುಡುಗ ಸರ್?" ಕೊನೆಗೆ ಬಂದ ಮಾತು ಇದು: "ಇದು ತಿಮಿಂಗಿಲ ಓಡಾಡೋ ಕಾಲ, ಎಲ್ಲರಿಗೂ ಗೊತ್ತಿರೋದೇ."

ಎಲ್ಲರಿಗೂ ಗೊತ್ತಿತ್ತಾ? ಹಾಗಾದರೆ ಕೌಂಟರಿನಲ್ಲಿ ನಕ್ಕಿದ್ದು ಯಾಕೆ? ಗೊತ್ತಿದ್ದೂ ವೇಗ ಇಳಿಸದೆ ಓಡಿಸಿದ್ದು ಯಾಕೆ? ಅಮೆರಿಕದ ಪೂರ್ವ ಕರಾವಳಿಯಲ್ಲಿ 'ರೈಟ್' ಎಂಬ ಜಾತಿಯ ತಿಮಿಂಗಿಲ ಬರುವ ಕಾಲಕ್ಕೆ, ಗುರುತು ಮಾಡಿದ ಜಾಗಗಳಲ್ಲಿ ದೊಡ್ಡ ಹಡಗುಗಳು 10 ನಾಟ್ ದಾಟುವಂತಿಲ್ಲ, 2008ರಿಂದ ಈ ನಿಯಮ ಇದೆ. 10 ನಾಟ್ ಅಂದರೆ ಗಂಟೆಗೆ ಬರೀ ಹದಿನೆಂಟೂವರೆ ಕಿಲೋಮೀಟರ್. 2019ರ ಮಾರ್ಚ್‌ನಲ್ಲಿ ಜಪಾನಿನ ಸಾಡೋ ದ್ವೀಪದ ಹತ್ತಿರ ಇಂಥದೇ ಫೆರಿ ಏನಕ್ಕೋ ಗುದ್ದಿತು, ತಿಮಿಂಗಿಲವೇ ಇರಬೇಕು ಎಂದರು. 80ಕ್ಕೂ ಹೆಚ್ಚು ಜನಕ್ಕೆ ಗಾಯ. ಮಲಗಿದ ಮೇಲೆ ಓದಿಕೊಂಡೆ, ಮೊದಲೇ ಓದಬಾರದಿತ್ತಾ!

ಗುದ್ದಿಸಿಕೊಂಡ ಆ ಪ್ರಾಣಿ ಏನಾಯಿತು ಎಂದೂ ಕೇಳಿದೆ. ಅದಕ್ಕೆ ಉತ್ತರವೇ ಇಲ್ಲ.

ಹತ್ತಿದ ಕೂಡಲೇ ಬೆಲ್ಟ್ ಹಾಕಿ, ಇಳಿಯುವವರೆಗೆ ಬಿಚ್ಚಬೇಡಿ. ಬೆಲ್ಟ್ ಇಲ್ಲದ ಸೀಟಾದರೆ ನಿಧಾನದ ದೋಣಿಯೇ ಸಾಕು. ಟಿಕೆಟಿನ ಹಿಂಬದಿ ಓದಿ. ದಡಕ್ಕೆ ಬಂದ ಮೇಲೆ "ಸುಮ್ನೆ ಫಾರ್ಮಾಲಿಟಿ" ಎಂದು ಫಾರ್ಮ್ ಕೊಟ್ಟರೆ ಸಹಿ ಹಾಕಬೇಡಿ. ನಾನು ಹಾಕಿದೆ. ನೋವು ಶುರುವಾಗಿದ್ದು ಸಂಜೆಗೆ, ಫಾರ್ಮಿನಲ್ಲಿ ಇದ್ದದ್ದು "ಗಾಯ ಆಗಿಲ್ಲ" ಎಂದು. ಅದರ ಕಾಪಿ ನನ್ನ ಹತ್ತಿರ ಇಲ್ಲ, ಅವರ ಹತ್ತಿರ ಇದೆ.